ನನ್ನ ಬಲಗೈ, ನಮ್ಮವರ ಎಣ್ಣೆ ಕೈ

ಹೋದ ಜೂನ್‌ನಲ್ಲಿ ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ತಾರೀಖು ಬರೆಯಲು ಕೈ ಎತ್ತಹೋದೆ. ಏಳಲಿಲ್ಲ. ಬಲಭುಜದೊಳಗೆ ಮೊಳೆ ಹೊಡೆದಂತಾಯಿತು. ಗೋವಾದ ಸಡಾದಲ್ಲಿರುವ ಕನ್ನಡ ಶಾಲೆಯಲ್ಲಿ ಎರಡನೇ ಇಯತ್ತೆಗೆ ಕಲಿಸುವವಳು ನಾನು, ಕೈ ಎತ್ತದೆ ನಡೆಯುವ ಕೆಲಸವೇ ಅಲ್ಲ. ದಿನ ಹೋದಂತೆ ನನ್ನ ಅಕ್ಷರಗಳು ಬೋರ್ಡಿನ ಮೇಲಿಂದ ಕೆಳಗೆ ಇಳಿಯುತ್ತ ಬಂದವು. ಕೊನೆಗೆ ಹಿಂದಿನ ಸಾಲಿನ ಹುಡುಗಿ, "ಟೀಚರ್, ಮುಂದಿನವರ ತಲಿ ಅಡ್ಡ ಬರ್ತಾವ್ರಿ, ಕಾಣವಲ್ದು," ಎಂದಳು.

ಹೀಗಾದರೆ ಶಾಲೆಯವರು ನನ್ನನ್ನು ಎಷ್ಟು ದಿನ ಇಟ್ಟುಕೊಂಡಾರು?

ಮನೆಯಲ್ಲಿ ಇನ್ನೂ ಫಜೀತಿ. ತುರುಬು ಕಟ್ಟಲಾಗದು, ಕುಪ್ಪಸದ ತೋಳಿಗೆ ಕೈ ತೂರದು. ನನ್ನ ತಲೆ ಬಾಚುತ್ತ ಅತ್ತೆ, "ಚಳಕು ಹಿಡದೈತಿ, ಮತ್ತೇನಿಲ್ಲ. ಮನ್ಯಾಗ ಔಷಧ ಇಟ್ಕೊಂಡು ದವಾಖಾನಿ ಯಾಕ?" ಎಂದರು.

ಆ ಔಷಧ ನನ್ನ ಗಂಡ. ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಅಂಥವರು ಒದ್ದರೆ ಸೊಂಟ, ಭುಜ ಹಿಡಿದುಕೊಂಡ ಚಳಕು ಬಿಡುತ್ತದೆ ಎಂಬ ನಂಬಿಕೆ ವಿಜಾಪುರ ಕಡೆಯಿಂದ ನಮ್ಮ ಗಂಟುಮೂಟೆಯ ಜೊತೆಗೇ ಗೋವಾಕ್ಕೆ ಬಂದಿದೆ. ಬಂದರಿನಲ್ಲಿ ಅದಿರು ತುಂಬುವ ಕೆಲಸ ಮುಗಿಸಿ ನಮ್ಮವರು ಮನೆಗೆ ಬರುವ ಹೊತ್ತಿಗೆ, ಸೊಂಟ ಹಿಡಿದುಕೊಂಡ ಯಾರಾದರೊಬ್ಬರು ಬಾಗಿಲಲ್ಲಿ ಕಾದಿರುತ್ತಿದ್ದರು. ನಮ್ಮವರಿಗೂ ಅದರದೊಂದು ಜಂಭ. ನನ್ನ ಸರದಿ ಬಂದಾಗ ಮಾತ್ರ ಮುಖ ಸಣ್ಣದಾಯಿತು.

"ಹೆಂಡ್ತಿಗೆ ಹ್ಯಾಂಗ ಒದೀಲಿ ಅವ್ವಾ?"

"ಜೋರ್ಲೆ ಒದಿ ಅಂತ ಯಾರಂದ್ರು? ಮೆಲ್ಲಕ ಒದಿ."

ಮೆಲ್ಲಗೇ ಒದ್ದರು. ನಾನು ಕಿರುಚಿದ್ದಕ್ಕೆ ಓಣಿಯೆಲ್ಲ ಬಾಗಿಲಿಗೆ ಬಂತು.

ಮರುದಿನ ಕೈ ಮೊದಲಿನಷ್ಟೂ ಏಳಲಿಲ್ಲ.

ದವಾಖಾನೆಗೆ ಹೋದೆವು. ಡಾಕ್ಟರು ಎಕ್ಸ್-ರೇ ನೋಡಿ, ಭುಜದ ಮೇಲೆ ಕಂದಿದ ಗುರುತು ನೋಡಿ, ಬಿದ್ದಿರಾ ಎಂದು ಕೇಳಿದರು. ನಮ್ಮವರು ತಲೆ ತಗ್ಗಿಸಿ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಫ್ರೋಜನ್ ಶೋಲ್ಡರ್ ಎಂದರು. ಶುಗರ್ ಇದ್ದವರಿಗೆ ಹೆಚ್ಚು ಬರುತ್ತದಂತೆ, ನನಗೆ ಶುಗರ್ ಇದೆ. ಕೀಲಿನ ಸುತ್ತಲ ಪೊರೆ ಬಿಗಿದಿದೆ, ಬಿಡಲು ತಿಂಗಳುಗಳೇ ಬೇಕು. ಮತ್ತೆ ಬೋರ್ಡಿನ ಮೇಲೆ ಬರೆದೇನೇ ಎಂದು ಕೇಳಿದೆ. ಪ್ರಯತ್ನಿಸೋಣ ಎಂದರು.

ಫಿಜಿಯೋಥೆರಪಿಯಲ್ಲಿದ್ದಾಕೆ ಶಾಖ ಕೊಟ್ಟು, ಕುತ್ತಿಗೆಯಿಂದ ಭುಜದವರೆಗೆ ಮಸಾಜ್ ಮಾಡಿ, ಅದನ್ನು ನಮ್ಮವರಿಗೂ ಕಲಿಸಿದಳು. ನೋವೆಂದ ಕಡೆ ಒತ್ತಬಾರದು. ಮಸಾಜ್ ಬಿಗಿತ ಸಡಿಲಿಸುತ್ತದೆ ಅಷ್ಟೇ, ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ನಾನೇ ಮಾಡಬೇಕು.

ಮನೆಯಲ್ಲಿ ಅತ್ತೆಯ ತಕರಾರು. "ಗಂಡನ ಕೈಲೆ ಸೇವಾ ಮಾಡಿಸ್ಕೊಂಡ್ರ ಪಾಪ ಬರ್ತೈತಿ."

"ಕಾಲಿಲೆ ಒದ್ದಾಗ ಬರಲಾರದ ಪಾಪ ಕೈಲೆ ತಿಕ್ಕಿದ್ರ ಬರ್ತೈತೇನವ್ವಾ?" ಎಂದರು ನಮ್ಮವರು. ಅತ್ತೆ ಎದ್ದುಹೋಗಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದರು.

ಉಗುರೊಳಗಿನ ಕೆಂಪು ಅದಿರು ಹೋಗುವ ತನಕ ಕೈ ತೊಳೆದು ನಮ್ಮವರು ಎಣ್ಣೆ ಹಚ್ಚುತ್ತಿದ್ದರು. ಮೊದಲ ದಿನ ನನಗೆ ಅಳು ಬಂತು. ನೋವಿಗಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಕಾಲು ನಾನು ಒತ್ತಿದ್ದೆನೇ ಹೊರತು, ನನ್ನ ಮೈಯಲ್ಲಿ ನೋವು ಎಲ್ಲಿದೆ ಎಂದು ಯಾರೂ ಬೆರಳಿಟ್ಟು ಹುಡುಕಿರಲಿಲ್ಲ. ಮೊದಲು ಮರಳಿದ್ದು ನಿದ್ದೆ. ಆಮೇಲೆ ಕುತ್ತಿಗೆಯ ಬಿಗಿ ಇಳಿಯಿತು. ಗೋಡೆಯ ಮೇಲೆ ಎಣ್ಣೆ ಬೆರಳ ಕಲೆ ದಿನಕ್ಕಿಷ್ಟು ಮೇಲೇರಿತು. ಏರದ ದಿನ ಸಿಡುಕುತ್ತಿದ್ದೆ. ಪಾಪ, ಬೈಸಿಕೊಂಡೇ ತಿಕ್ಕುತ್ತಿದ್ದರು.

ದೀಪಾವಳಿ ಬಂತು. ನರಕ ಚತುರ್ದಶಿಯ ಬೆಳಿಗ್ಗೆ ನಮ್ಮಲ್ಲಿ ಹೆಂಗಸರು ಗಂಡಸರ ನೆತ್ತಿಗೆ ಎಣ್ಣೆ ಹಚ್ಚಿ ಆರತಿ ಎತ್ತುತ್ತಾರೆ. ಗೋವಾದವರು ರಾತ್ರಿ ಬೀದಿಯಲ್ಲಿ ಸುಟ್ಟ ನರಕಾಸುರನ ಬೊಂಬೆಯ ಹೊಗೆ ಇನ್ನೂ ಆಡುತ್ತಿತ್ತು. ಅತ್ತೆ ಮಣೆ ಹಾಕಿದರು. ನಮ್ಮವರು ಕೂರಲಿಲ್ಲ.

"ಕುಂಡ್ರೋ, ಆಕಿ ಕೈ ನಿಲುಕಂಗಿಲ್ಲ."

"ನಿಲುಕ್ತೈತಿ. ನಾ ನಿಂತಿರ್ತೀನಿ."

ಬಾಗಿಲ ಚೌಕಟ್ಟಿಗೆ ತಲೆ ತಾಗುವ ಆಳು. ನನಗೆ ಸಿಟ್ಟು ಬಂತು, ಹಬ್ಬದ ದಿನ ಪರೀಕ್ಷೆ ಬೇಕಿತ್ತೇ? ಬಲಗೈ ಬಟ್ಟಲಲ್ಲಿ ಅದ್ದಿದೆ. ಕೈ ಅವರ ಗದ್ದ ದಾಟಿತು, ಕಿವಿ ದಾಟಿತು. ಹಣೆಯ ಹತ್ತಿರ ಭುಜ ಹಿಡಿದು ನಿಂತಿತು. ನಮ್ಮವರು ಬಗ್ಗಲಿಲ್ಲ. ಹಲ್ಲು ಕಚ್ಚಿದೆ. ನೆತ್ತಿ ಸಿಕ್ಕಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಸಾಕ್ ಬಿಡವ್ವಾ, ಎಣ್ಣಿ ಭಾಳಾತು," ಎಂದರು.

ಕೈ ಪೂರ್ತಿ ಬಂದಿಲ್ಲ. ಬೆನ್ನ ಹಿಂದೆ ಹೋಗುವುದಿಲ್ಲ, ತುರುಬು ಕಟ್ಟುವ ಕೆಲಸ ಇನ್ನೂ ಅತ್ತೆಯದೇ. ಸೊಂಟ ಹಿಡಿದುಕೊಂಡು ಬಂದವರನ್ನು ನಮ್ಮವರು ಈಗ ದವಾಖಾನೆಗೆ ಕಳಿಸುತ್ತಾರೆ. ರಜೆ ಮುಗಿದ ದಿನ ಬೋರ್ಡಿನ ತುದಿಯಲ್ಲಿ ತಾರೀಖು ಬರೆದೆ. ಅಕ್ಷರ ಸೊಟ್ಟಗಿತ್ತು.

"ಕಾಣ್ತೈತ್ರಿ ಟೀಚರ್," ಎಂದಳು ಹಿಂದಿನ ಸಾಲಿನ ಹುಡುಗಿ.