ರಾಮಮ್ಮನ ಕೆನ್ನೆ ಒಪ್ಪದ ಬೆಡ್‌ಶೀಟ್

ಒಗೆದ ಬೆಡ್‌ಶೀಟನ್ನು ವಾರ್ಡಿಗೆ ಕಳಿಸುವ ಮುಂಚೆ ರಾಮಮ್ಮ ಅದನ್ನು ಒಮ್ಮೆ ಕೆನ್ನೆಗೆ ಒತ್ತಿ ನೋಡುತ್ತಾರೆ. ದಿನವಿಡೀ ನೀರಿನಲ್ಲಿರುವ ಕೈಗೆ ತೇವ ತಿಳಿಯುವುದಿಲ್ಲ, ಕೆನ್ನೆ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಮನೆಯ ದೇವರ ದೀಪ ಒಂದು ದಿನ ತಪ್ಪೀತು, ಇದು ತಪ್ಪುವುದಿಲ್ಲ.

ಮೂರ್ನಾಡು ರಸ್ತೆಯ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವುದು ಅವರ ಕೆಲಸ. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ತಾನಾಗಿ ಒಣಗುವುದಿಲ್ಲ. ರಾಮಮ್ಮ ಹಿಂಡಿಕೊಟ್ಟದ್ದನ್ನು ಜೊತೆ ಕೆಲಸದ ಕುಸುಮಾ ಕೆಂಡದ ಮೇಲೆ ಕಟ್ಟಿದ ಬಿದಿರುಗಳಿಗೆ ಹರಡಿ, ಸುಡದಂತೆ ತಿರುವಿ ತಿರುವಿ ಒಣಗಿಸಬೇಕು.

ಕೊರೊನಾದ ಎರಡನೇ ವರ್ಷ ಆಪರೇಷನ್ನಿಗೆ, ಹೆರಿಗೆಗೆ ಬರುವವರು ನಿಂತರು. ಆಸ್ಪತ್ರೆಯ ವರಮಾನವೂ ನಿಂತಿತು. ಉಸಿರು ಸಿಗದೆ ಬರುವವರು ಮಾತ್ರ ಹೆಚ್ಚಿದರು. ಖರ್ಚು ಇಳಿಸಲು ಟ್ರಸ್ಟಿನವರು ಮೊದಲು ಕೈಬಿಟ್ಟದ್ದು ಕುಸುಮಾಳನ್ನು. "ಬೆಂಕಿ ಕಾಯಿಸ್ಕೊಂಡು ಕೂರೋಕೆ ಸಂಬಳ ಯಾಕೆ?" ಎಂದರಂತೆ ಮ್ಯಾನೇಜರ್ ಪೂವಯ್ಯ.

ಒಣಗಿಸುವುದೂ ರಾಮಮ್ಮನ ಮೇಲೇ ಬಿತ್ತು. ಒಂದು ದಿನ ಅವರು ಒಗೆಯುತ್ತಿದ್ದಾಗ ಯಾರೋ ಅವಸರಕ್ಕೆ ಅರೆ ಒಣಗಿದ್ದನ್ನೇ ಎತ್ತಿಕೊಂಡು ಹೋಗಿ ಹಾಸಿದರು. ಅದರ ಮೇಲೆ ಮಲಗಿದ್ದ ಮೊಣ್ಣಪ್ಪಜ್ಜ ನಡುಗುತ್ತ, "ಆಕ್ಸಿಜನ್ ನೀವೇ ಇಟ್ಕೊಳ್ಳಿ, ನಂಗೊಂದು ಒಣಗಿದ ಬಟ್ಟೆ ಕೊಡಿ" ಎಂದರು. ಅದು ಕಿವಿಗೆ ಬಿದ್ದದ್ದೇ ರಾಮಮ್ಮ ಬಟ್ಟೆ ಒಣಗಿಸುವ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ಒಣಗಿದಷ್ಟೇ ಹೊರಗೆ ಹೋಯಿತು. ಸಿಗದವರು ಮನೆಯಿಂದ ಕಂಬಳಿ ತರಿಸಿಕೊಂಡರು, ಜಗಳವನ್ನು ಪೂವಯ್ಯನವರ ಮೇಜಿಗೆ ತಂದರು.

ಪೂವಯ್ಯ ಆ ಕೋಣೆಯ ಬಳಿಗೆ ಇಳಿದು ಬಂದರು. "ಸ್ವಲ್ಪ ತೇವ ಇದ್ರೆ ಏನಾಯ್ತು ರಾಮಮ್ಮ? ಮೈ ಬಿಸಿಗೆ ಒಣಗ್ತದೆ."

"ಹಂಗಾದ್ರೆ ಒಂದನ್ನ ನಿಮ್ಮ ಕುರ್ಚಿಗೆ ಹಾಸ್ತೀನಿ. ಕೂತು ಒಣಗಿಸಿ ಕೊಡಿ ಸಾರ್."

ಪಕ್ಕದಲ್ಲಿದ್ದ ನರ್ಸ್ ಭವ್ಯಶ್ರೀ ಮಾಸ್ಕಿನೊಳಗೇ ನಕ್ಕಳು.

"ನಿಮ್ಮನ್ನೂ ತೆಗೀಬೇಕಾಗ್ತದೆ ರಾಮಮ್ಮ, ನೋಡಿ."

"ತೆಗೀರಿ. ಒಗೆಯೋ ಕಲ್ಲು ಎಲ್ಲಿಗೂ ಹೋಗಲ್ಲ. ನಾಳೆಯಿಂದ ನೀವೇ ಬನ್ನಿ."

ಪೂವಯ್ಯ ಭವ್ಯಶ್ರೀಯನ್ನು ಆಚೆ ಕಳಿಸಿ ದನಿ ತಗ್ಗಿಸಿದರು. "ಟ್ರಸ್ಟಲ್ಲಿ ನಿಜವಾಗ್ಲೂ ದುಡ್ಡಿಲ್ಲ ಮಾರಾಯ್ತಿ. ಮಳೆ ಮುಗಿಯೋವರೆಗೆ ಕುಸುಮಾಳ ಸಂಬಳದಲ್ಲಿ ಅರ್ಧ ನಿಮಗೇ ಸೇರಿಸ್ತೇನೆ. ಯಾರಿಗೂ ಹೇಳ್ಬೇಡಿ. ಕೀಲಿ ಕೊಡಿ."

"ಸಂಬಳ ಸೇರಿಸಿದ್ರೆ ನಂಗೆ ಇನ್ನೆರಡು ಕೈ ಹುಟ್ತವಾ ಸಾರ್? ಅದೇ ದುಡ್ಡಲ್ಲಿ ಅರ್ಧ ದಿನಕ್ಕಾದ್ರೂ ಅವಳನ್ನ ಕರೀರಿ. ನಂಗೆ ಬೇಡ."

ಕೀಲಿಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ರಾಮಮ್ಮ ಕಲ್ಲಿನತ್ತ ನಡೆದರು.