ವಿಮಾನ ಇಳಿಯುವ ಮೊದಲೇ ಬಂದ ಅಣ್ಣ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ, ಒಂದಕ್ಷರವೂ ಸೇರಿಸಿಲ್ಲ.

ಹೋದ ಬೇಸಿಗೆಯಲ್ಲಿ ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ ನಮ್ಮಪ್ಪ ಇಳಿಹೊತ್ತಿನಲ್ಲಿ ತೀರಿಕೊಂಡ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಮೊದಲ ಹಿಡಿ ಮಣ್ಣು ಹಿರಿ ಮಗನದು. ಬೆಂಗಳೂರಿನಲ್ಲಿ ಬಡಗಿ ಕೆಲಸ ಮಾಡುವ ನಮ್ಮಣ್ಣ ರಾತ್ರಿ ಎಂಟಕ್ಕೆ ಫೋನ್ ಮಾಡಿದ.

"ತಮ್ಮಾ, ವಿಮಾನದಾಗ ಕುಂತೇನಿ. ಹೈದರಾಬಾದಿಗೆ ಒಂದೂಕಾಲು ತಾಸು. ಅಲ್ಲಿಂದ ಕಾರಿನಾಗ ಐದು ತಾಸು. ನಾ ಬರೂತನಕ ಮಣ್ಣು ಹಾಕಬ್ಯಾಡ್ರಿ. ಅಪ್ಪನ ಮಾರಿ ನೋಡಬೇಕು."

"ನಿನ್ನ ಬಿಟ್ಟು ಹಾಕಂಗಿಲ್ಲಣ್ಣ" ಎಂದು ಮಾತು ಕೊಟ್ಟೆ.

ಒಂಬತ್ತೂವರೆಗೆ ಭಜನೆಯವರ ತಾಳ ತಪ್ಪಿತು... ತಲೆ ಎತ್ತಿದೆ. ಬಾಗಿಲಲ್ಲಿ ಅಣ್ಣ!

ಕಾರಿನ ಸದ್ದಿಲ್ಲ, ಕೈಯಲ್ಲಿ ಚೀಲವಿಲ್ಲ. ಅವ್ವ ಅವನ ಕೊರಳಿಗೆ ಬಿದ್ದು ಗೋಳೋ ಎಂದು ಅತ್ತಳು. ನಾನು ಕಾಕಾನ ಕಿವಿಯಲ್ಲಿ ಮೆಲ್ಲಗೆ ಕೇಳಿದೆ.

"ಇಷ್ಟ ಲಗೂನ ಹ್ಯಾಂಗ ಬಂದಾನ್ರಿ?"

"ವಿಮಾನ ಅಂದ್ರ ಎತ್ತಿನ ಬಂಡಿ ಅಂತ ತಿಳಿದೀಯೇನಲೇ? ನಡಿ, ಹೊತ್ತಾತು."

ನಮ್ಮ ಮನೆತನದಲ್ಲಿ ಅದುವರೆಗೆ ವಿಮಾನ ಹತ್ತಿದವರಿರಲಿಲ್ಲ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಐದು ತಾಸಿನ ಕಾರಿನ ದಾರಿ ನನಗೆ ನೆನಪಿತ್ತು, ಆದರೂ ಹೆಡ್ಡನಂತೆ ನಂಬಿದೆ.

ಹೊಲದಲ್ಲಿ ಬ್ಯಾಟರಿ ಬೆಳಕು. ವಿಭೂತಿಯ ಘಮದ ನಡುವೆ ಅವನ ಮೈಯಿಂದ ಬಹಳ ದಿನ ಮುಚ್ಚಿಟ್ಟ ಕೋಣೆಯ ವಾಸನೆ... ಕೈ ತಾಕಿದಾಗ ಗಡಿಗೆಯ ನೀರಿನಂತೆ ತಣ್ಣಗಿತ್ತು. ಮೊದಲ ಹಿಡಿ ಮಣ್ಣು ಹಾಕಿದ. "ಹಾಕ್ರಿ" ಎಂದ. ಅಣ್ಣನದೇ ದನಿ. ನಾವೆಲ್ಲ ಹಾಕಿದೆವು.

ಸ್ನಾನ ಮುಗಿಸಿ ನೋಡಿದರೆ ಅವನಿಲ್ಲ. ಅಷ್ಟರಲ್ಲಿ ಅಣ್ಣನ ಫೋನು ಬಂತು.

"ವಿಮಾನ ಹೊರಡೂದ ತಡ ಆತು ತಮ್ಮಾ. ಈಗ ಹೈದರಾಬಾದಿನಾಗ ಇಳದೇನಿ. ಅಪ್ಪನ್ನ ಹಂಗ ಇಟ್ಟೀರಿಲ್ಲ?"

ನಾನು ಫೋನು ಕಟ್ ಮಾಡಿದೆ.

ನಸುಕಿನ ನಾಲ್ಕಕ್ಕೆ ಕಾರು ಬಂತು. ಅಪ್ಪ ಮಣ್ಣಾದದ್ದು ತಿಳಿದು ಅಣ್ಣ ಅಂಗಳದಲ್ಲೇ ಕುಸಿದ. ಮುಚ್ಚಿದ ಮಣ್ಣು ತೆಗೆಯುವಂತಿಲ್ಲ. ನಡೆದದ್ದನ್ನೆಲ್ಲ ಹೇಳಿದೆ.

"ಕಾಕಾನ್ನ ಕೇಳಣ್ಣ, ನೀನ ಬಂದಿದ್ದಿ!"

ಕಾಕಾ ನೆಲ ನೋಡಿದ. "ಕತ್ತಲಿತ್ತಪಾ... ನನಗ ಸರಿ ಕಾಣ್ಲಿಲ್ಲ. ಸಣ್ಣಾವ ಅವಸರ ಮಾಡ್ದ."

ಭಜನೆಯವರೂ ಅದನ್ನೇ ಹೇಳಿದರು.

"ಮಾತು ಕೊಟ್ಟಿದ್ದಿ ಅಲ್ಲೋ ತಮ್ಮಾ" ಎಂದ ಅಣ್ಣ. "ಒಂದ ಫೋನ್ ಮಾಡಿ ಕೇಳಿದ್ರ ಏನಾಗ್ತಿತ್ತು?"

ನಾನು ಅವ್ವನ ಕಾಲು ಹಿಡಿದೆ.

"ನೀನರ ಹೇಳಬೇ ಅವ್ವಾ! ಅವನ ಕೊರಳಿಗೆ ಬಿದ್ದು ಅತ್ತೀ ಅಲ್ಲ?"

ಅವ್ವ ಅಣ್ಣನ ತಲೆ ನೇವರಿಸುತ್ತ, ನನ್ನ ಕಡೆ ತಿರುಗದೆ ಹೇಳಿದಳು. "ನಾ ಯಾರನ್ನೂ ಕಂಡಿಲ್ಲಪಾ."

ಬಂದವನು ಯಾರೋ ನನಗೆ ಗೊತ್ತಿಲ್ಲ. ಅವ್ವನಿಗೆ ಗೊತ್ತಿದೆಯೇನೋ... ಆಕೆಯನ್ನು ಕೇಳಲು ನನಗೆ ಇನ್ನೂ ಹೆದರಿಕೆ.