ಉದ್ದನೆಯ ಮೊಳೆಗಳು

ಲ್ಯಾಬ್ರಡಾರಿನ ನಮ್ಮ ಕರಾವಳಿಯಲ್ಲಿ ಕಡಲು ಹೆಪ್ಪುಗಟ್ಟಿದ ಮೇಲೆ ಅದೇ ರಸ್ತೆ. ಗಾಳಿ ಹಿಮವನ್ನು ಗುಡಿಸಿಕೊಂಡು ಹೋಗಿ ಬರೀ ಮಂಜುಗಡ್ಡೆ ಉಳಿದಾಗ, ಎಂಜಿನ್ನಿನ ಹಿಮಬಂಡಿಯ ಅಡಿಯಲ್ಲಿ ಸುತ್ತುವ ರಬ್ಬರ್ ಪಟ್ಟೆಗೆ ಉಕ್ಕಿನ ಮೊಳೆ ಇಲ್ಲದಿದ್ದರೆ ಬಂಡಿ ನಿಂತಲ್ಲೇ ಜಾರುತ್ತದೆ. ಊರಿಗೆಲ್ಲ ಮೊಳೆ ಕೂರಿಸಿಕೊಡುತ್ತಿದ್ದವನು ನನ್ನ ನೆರೆಮನೆಯ ರೆನಾಟಸ್. ಕೂರಿಸಿದ ಮೇಲೆ ಬಂಡಿಯ ಹಿಂಭಾಗ ಎತ್ತಿಟ್ಟು ಪಟ್ಟೆಯನ್ನು ಕೈಯಿಂದಲೇ ತಿರುಗಿಸುತ್ತಿದ್ದ. ಎಂಜಿನ್ನಿನ ಬಿಸಿ ಆರಿಸುವ ನೀರಿನ ಕೊಳವೆ ಪಟ್ಟೆಗೆ ತುಸುವೇ ಮೇಲೆ ಹಾದುಹೋಗುತ್ತದೆ. ಮೊಳೆಯ ತುದಿಗೂ ಆ ಕೊಳವೆಗೂ ನಡುವೆ ಅವನ ಬೆರಳು ಸಲೀಸಾಗಿ ಆಡಬೇಕು. ಆಡದಿದ್ದರೆ ಆ ಮೊಳೆ ಬಿಚ್ಚಿಹಾಕುತ್ತಿದ್ದ.

ಒಂದು ವರ್ಷ ನಡುಚಳಿಯಲ್ಲಿ ಮಳೆ ಸುರಿದು ಕೊಲ್ಲಿಯೆಲ್ಲ ಕನ್ನಡಿಯಂತಾಯಿತು. ಅವನ ಮಗಳು ಸಬೀನಾಳ ಗಂಡ ಗಿಡಿಯನ್ ಅವನ ಕೆಲಸದ ಕೊಟ್ಟಿಗೆಗೆ ಬಂದ. ನಾನೂ ಅಲ್ಲೇ ಕೂತಿದ್ದೆ.

"ಮಾವ, ಉದ್ದನೇ ಮೊಳೆ ಹಾಕ್ಕೊಡು. ಈ ಗಿಡ್ಡವು ಗಡ್ಡೇನ ಕಚ್ಚೋದೇ ಇಲ್ಲ."

"ನಿನ್ನ ಗಾಡೀಲಿ ಅಷ್ಟು ಎಡೆ ಇಲ್ಲ ಕಣೋ. ಜೋರಾಗಿ ಹೋದ್ರೆ ಪಟ್ಟೆ ಮೇಲಕ್ಕೆ ಬಡಿಯತ್ತೆ, ಕೊಳವೆ ಸೀಳಿಹೋಗತ್ತೆ."

"ನಿಂಗೆ ಎಲ್ಲದಕ್ಕೂ ಭಯ."

"ಹೌದಪ್ಪ, ಪುಕ್ಕಲ ನಾನು. ಅದಕ್ಕೇ ತಲೆ ಬೆಳ್ಳಗಾಗೋವರೆಗೂ ಬದುಕಿದೀನಿ. ಕೂತ್ಕೋ, ಟೀ ಕುಡಿ."

ಗಿಡಿಯನ್ ನಕ್ಕ. ಟೀ ಕುಡಿಯದೆ ಹೊರಟುಹೋದ.

ಆ ವಾರವೇ ಅವನು ಸೌದೆ ತರಲು ಕೊಲ್ಲಿಯಾಚೆ ಹೋದ. ಹಿಂದೆಯೇ ಬಿರುಗಾಳಿ ಎದ್ದಿತು. ಗಾಳಿ ನಿಂತ ಮೇಲೆ ನಾನೂ ರೆನಾಟಸನೂ ಹುಡುಕಿಕೊಂಡು ಹೋದೆವು. ಮೊದಲು ಬಂಡಿ ಸಿಕ್ಕಿತು. ಅಲ್ಲಿಂದ ಸ್ವಲ್ಪ ದೂರದಲ್ಲಿ ಗಿಡಿಯನ್ ಊರಿನ ದಿಕ್ಕಿಗೆ ಮುಖ ಮಾಡಿ, ಚಳಿಗೆ ಸೆಟೆದು ಬಿದ್ದಿದ್ದ. ಒಂದು ಕೈಯಲ್ಲಿ ಗವಸು ಇರಲಿಲ್ಲ.

ರೆನಾಟಸ್ ಅಳಿಯನ ಮುಖದ ಮೇಲಿನ ಹಿಮ ಒರೆಸಿದ. ಬಂಡಿಯನ್ನು ಮಗ್ಗುಲಿಗೆ ಕೆಡವಿ ನೋಡಿದ. ಪಟ್ಟೆಯ ತುಂಬ ಹೊಸ ಉದ್ದನೆಯ ಮೊಳೆ. ಕೊಳವೆ ಉದ್ದಕ್ಕೂ ಹರಿದು, ನೀರು ಸೋರಿ, ಎಂಜಿನ್ ಸುಟ್ಟು ಕಚ್ಚಿಕೊಂಡು ನಿಂತುಹೋಗಿತ್ತು.

"ಯಾರಾದ್ರೂ ಕೇಳಿದ್ರೆ, ಹಾಕಿದ್ದು ನಾನೇ ಅಂತ ಹೇಳ್ತೀನಿ. ನೀನು ಸುಮ್ನಿರು," ಅಂದ.

"ತಲೆ ಕೆಟ್ಟಿದ್ಯಾ ನಿಂಗೆ?"

"ಸತ್ತೋನ್ನ ಊರು ಪೆದ್ದ ಅನ್ನತ್ತೆ. ಸಬೀನಾ ಅದನ್ನ ಕೇಳ್ಕೊಂಡೇ ಬದುಕಬೇಕಾ?"

ಮಣ್ಣು ಮಾಡಿದ ದಿನ ರೆನಾಟಸ್ ಚರ್ಚಿನ ಬಾಗಿಲಲ್ಲಿ ನಿಂತು, "ಮೊಳೆ ಹಾಕಿದ್ದು ನಾನು, ಅಳತೆ ತಪ್ಪಿದ್ದು ನಂದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಸಬೀನಾ ಅಪ್ಪನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. ಅಂದಿನಿಂದ ಅವನ ಮನೆಗೆ ಕಾಲಿಡಲಿಲ್ಲ. ಮೊಳೆ ಹಾಕಿಸಲು ಬಂಡಿಗಳು ಬರುವುದೂ ನಿಂತಿತು. ಅಂಗಡಿಯಲ್ಲಿ ಒಬ್ಬ, "ತಾತ, ಇನ್ನೆಷ್ಟು ಜನ್ರ ಪ್ರಾಣ ಬೇಕು ನಿಂಗೆ?" ಎಂದು ಹಂಗಿಸಿದ. ರೆನಾಟಸ್ ಹಿಟ್ಟಿನ ಚೀಲ ಹೆಗಲಿಗೇರಿಸಿಕೊಂಡು ನಡೆದುಬಂದ. ನಿಜ ಹೇಳಿಬಿಡಲು ನನ್ನ ನಾಲಿಗೆ ತುರಿಸುತ್ತಿತ್ತು. ರೆನಾಟಸ್ ಇನ್ನೊಂದು ಕೈಯಲ್ಲಿ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡಿದ್ದ.

ಮುಂದಿನ ಬೇಸಿಗೆಯ ಕೊನೆಗೆ ಎದೆಯ ಕಾಯಿಲೆ ಅವನನ್ನು ಹಾಸಿಗೆಗೆ ಕೆಡವಿತು. ಒಂದು ಮಧ್ಯಾಹ್ನ ನಾನು ಅವನಿಗೆ ಗಂಜಿ ಕುಡಿಸುತ್ತಿದ್ದಾಗ ಸಬೀನಾ ಬಂದು ಬಾಗಿಲಲ್ಲಿ ನಿಂತಳು.

"ಅಪ್ಪಾ, ಗಿಡಿಯನ್ ಆ ಮೊಳೆ ಹೊಡೆಯೋವಾಗ ದೀಪ ಹಿಡಿದಿದ್ದು ನಾನು," ಅಂದಳು. "ಮಾವ ಬೇಡ ಅಂದ ಅಂತ ಅವನು ಹೇಳ್ದ. ಅಪ್ಪಂಗೆ ವಯಸ್ಸಾಯ್ತು, ನೀನು ಹೊಡಿ ಅಂದೆ. ಆಮೇಲೆ ನೀನು ಎಲ್ಲಾ ನಿನ್ನ ಮೇಲೆ ಹಾಕ್ಕೊಂಡಾಗ ನಿಜ ಹೇಳೋಕೆ ನಂಗೆ ಬಾಯೇ ಬರ್ಲಿಲ್ಲ. ನಿನ್ನ ಮುಖ ನೋಡೋಕಾಗ್ಲಿಲ್ಲ."

ರೆನಾಟಸ್ ಮಗಳ ಕಡೆ ಹೊರಳಿದ.

"ಊಟ ಆಯ್ತೇನಮ್ಮ?" ಎಂದು ಕೇಳಿದ.

ಅವಳು ಬಂದು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು. ಆ ಭಾನುವಾರ ಚರ್ಚಿನಲ್ಲಿ ಎದ್ದುನಿಂತು ನಡೆದದ್ದನ್ನೆಲ್ಲ ಹೇಳಿದಳು. ಅಂಗಡಿಯಲ್ಲಿ ಹಂಗಿಸಿದವನು ಕ್ಷಮೆ ಕೇಳಲು ಮೀನು ಹಿಡಿದುಕೊಂಡು ಬಂದ. ಅಷ್ಟರಲ್ಲಿ ರೆನಾಟಸನಿಗೆ ಜನರ ಗುರುತು ಸಿಗುತ್ತಿರಲಿಲ್ಲ. ಕಡಲು ಹೆಪ್ಪುಗಟ್ಟುವ ಮೊದಲೇ ತೀರಿಕೊಂಡ.

ಅವನಿಗೆ ಕೊನೆಯ ಅಂಗಿ ತೊಡಿಸಿದ್ದು ಸಬೀನಾ. ಗುಂಡಿ ಹಾಕುತ್ತ ಹಾಕುತ್ತ ಅವಳ ಕೈ ನಿಂತುಹೋಯಿತು. ಉಳಿದ ಗುಂಡಿಗಳನ್ನು ನಾನು ಹಾಕಿದೆ.